ಆಂಟೆನಾವನ್ನು ನಿಲ್ಲಿಸಬೇಕೋ, ಮಲಗಿಸಬೇಕೋ? ದುರ್ಗದ ತಾರಸಿಯಿಂದ ಒಂದು ಪ್ರಶ್ನೆ

ದುರ್ಗದತಾರಸಿ (ಚಿತ್ರದುರ್ಗ):

ಹಿರಿಯರೆಲ್ಲರಿಗೂ ನಮಸ್ಕಾರ. ಹವ್ಯಾಸಿ ರೇಡಿಯೊ ಪರವಾನಗಿ ನನ್ನ ಕೈಸೇರಿ ಎಂಟು ತಿಂಗಳಾದವು. ಕೋಟೆಯ ಬೆಟ್ಟಸಾಲಿನ ತಪ್ಪಲಿನಲ್ಲಿರುವ ಬಡಾವಣೆಯಲ್ಲಿ ನಮ್ಮ ಮನೆ ಇದೆ. ಮೂವತ್ತು ನಲವತ್ತರ ನಿವೇಶನ, ಎರಡಂತಸ್ತಿನ ಮೇಲೆ ತಾರಸಿ; ದಾವಣಗೆರೆಯ ದಿಕ್ಕಿಗೆ ನೋಡಿದರೆ ಬಂಡೆಗುಡ್ಡಗಳೇ ಅಡ್ಡ. ಆಂಟೆನಾದ ಧ್ರುವೀಕರಣದ (ಅಲೆಯ ವಿದ್ಯುತ್ ಕ್ಷೇತ್ರ ನೆಟ್ಟಗಿದೆಯೋ ಅಡ್ಡಲಾಗಿದೆಯೋ ಎಂಬುದರ) ವಿಷಯದಲ್ಲಿ ಪುಸ್ತಕದಲ್ಲಿ ಓದಿದ್ದಕ್ಕೂ ತಾರಸಿಯಲ್ಲಿ ಕಂಡದ್ದಕ್ಕೂ ತಾಳೆಯಾಗದೆ ಈ ಪ್ರಶ್ನೆಯನ್ನು ಕೇಳುತ್ತಿದ್ದೇನೆ.

ಮೊದಲನೆಯದು ಎರಡು ಮೀಟರ್ ಬ್ಯಾಂಡಿನದು (ಸುಮಾರು ಎರಡು ಮೀಟರ್ ತರಂಗಾಂತರದ ಅಲೆಗಳ ಪಟ್ಟಿ). ಅಟ್ಟದ ಮೇಲೆ ಬಿದ್ದಿದ್ದ ಹಳೆಯ ಟಿ.ವಿ. ಆಂಟೆನಾದ ಅಲ್ಯೂಮಿನಿಯಂ ಕೊಳವೆಗಳನ್ನು ಬಳಸಿ 145 ಮೆಗಾಹರ್ಟ್ಸ್‌ಗೆ ಐದು ಕಡ್ಡಿಗಳ ಯಾಗಿ (ಒಂದೇ ದಿಕ್ಕಿಗೆ ಗುರಿಯಿಡುವ ಆಂಟೆನಾ) ಕಟ್ಟಿದೆ. ದೂರದರ್ಶನದ ಕಾಲದಲ್ಲಿ ಊರಿನ ಎಲ್ಲ ಮಾಳಿಗೆಗಳ ಮೇಲೂ ಕಡ್ಡಿಗಳು ನೆಲಕ್ಕೆ ಸಮಾಂತರವಾಗಿಯೇ ಇದ್ದುದನ್ನು ನೋಡಿ ಬೆಳೆದವನಾದ್ದರಿಂದ ಇದನ್ನೂ ಹಾಗೆಯೇ ಜಿಐ ಪೈಪಿಗೆ ಬಿಗಿದೆ. ದಾವಣಗೆರೆಯಲ್ಲಿರುವ ಗೆಳೆಯರು ನೆಟ್ಟಗೆ ನಿಂತ ಆಂಟೆನಾ ಬಳಸುತ್ತಾರೆ, 25 ವಾಟ್ ಎಫ್‌ಎಂ. ಅವರ ದನಿ ನನಗೆ ಗುಸುಗುಸು ಎನ್ನುವಷ್ಟೇ ಕೇಳಿಸುತ್ತಿತ್ತು. ಒಂದು ಭಾನುವಾರ ಅದೇ ಯಾಗಿಯನ್ನು ಭರಮಸಾಗರದ ಆಚೆಗಿನ ಬಯಲಿಗೆ ಒಯ್ದು ಕೈಯಲ್ಲಿ ಹಿಡಿದು ನೋಡಿದಾಗ, ಕಡ್ಡಿಗಳನ್ನು ನೆಟ್ಟಗೆ ತಿರುಗಿಸಿದರೆ ದನಿ ಪೂರ್ತಿ ತುಂಬಿ ಬರುತ್ತಿತ್ತು, ಅಡ್ಡ ತಿರುಗಿಸಿದರೆ ಅಳಿಸಿಹೋಗುತ್ತಿತ್ತು. ಹಿಗ್ಗಿನಿಂದ ಮನೆಗೆ ಬಂದು ತಾರಸಿಯ ಪೈಪಿಗೆ ಯಾಗಿಯನ್ನು ನೆಟ್ಟಗೆ ಕಟ್ಟಿದರೆ ಹೆಚ್ಚೇನೂ ಸುಧಾರಣೆ ಕಾಣಲಿಲ್ಲ. ಸಾಲದ್ದಕ್ಕೆ, ಯಾವ ದಿಕ್ಕಿಗೆ ತಿರುಗಿಸಿದರೂ ಹೆಚ್ಚುಕಡಿಮೆ ಒಂದೇ ಬಲದಲ್ಲಿ ಕೇಳಿಸತೊಡಗಿತು. ಬಯಲಿನಲ್ಲಿ ನಡೆದದ್ದು ತಾರಸಿಯಲ್ಲೇಕೆ ನಡೆಯಲಿಲ್ಲ?

ಎರಡನೆಯದು ನಲವತ್ತು ಮೀಟರ್ ಬ್ಯಾಂಡಿನದು. ಈಗಿರುವುದು ತಲೆಕೆಳಗಾದ ‘ವಿ’ ಆಕಾರದ ಡೈಪೋಲ್ (ನಡುವೆ ಕೇಬಲ್ ಸೇರುವ, ಎರಡು ತೋಳುಗಳ ತಂತಿ ಆಂಟೆನಾ). ನಡುಭಾಗ ನೆಲದಿಂದ ಸುಮಾರು 11 ಮೀಟರ್ ಎತ್ತರದಲ್ಲಿದೆ, ಒಂದು ತುದಿ ಪಕ್ಕದ ಮನೆಯವರ ಅನುಮತಿಯಿಂದ ಅವರ ತೆಂಗಿನ ಮರದಲ್ಲಿದೆ. ಆಂಟೆನಾ ಸಾಮಾನು ಮಾರುವವರೊಬ್ಬರು, ‘ಎದುರಿನವರು ವರ್ಟಿಕಲ್ (ನೆಟ್ಟಗಿನ ಕಂಬದ ಆಂಟೆನಾ) ಬಳಸುತ್ತಿದ್ದರೆ ನೀವೂ ವರ್ಟಿಕಲ್ ಹಾಕದೆ ಗತಿಯಿಲ್ಲ, ಇಲ್ಲವಾದರೆ 20 ಡೆಸಿಬೆಲ್ ಕೈಬಿಟ್ಟಿತು’ ಎಂದು ಹೆದರಿಸಿದ್ದಾರೆ (ಡೆಸಿಬೆಲ್ ಎಂದರೆ ಸಂಕೇತದ ಬಲದ ಏರಿಳಿತದ ಅಳತೆ). ಬೆಳಗಿನ ಹೊತ್ತು ಕರ್ನಾಟಕದೊಳಗೆ ಮಾತುಕತೆ, ಬಿಡುವಾದಾಗ ದೂರದ ದೇಶಗಳು: ಇಷ್ಟೇ ನನ್ನ ಆಸೆ. ಇದಕ್ಕಾಗಿ 10 ಮೀಟರ್ ಎತ್ತರದ ಕಂಬ ನಿಲ್ಲಿಸಬೇಕೆ?

ಎರೆನೆಲ (ದಾವಣಗೆರೆ):

ನಿಮ್ಮ ಎರಡು ಪ್ರಶ್ನೆಗಳೂ ಒಂದೇ ಹೆಸರಿನ ವಿಷಯಕ್ಕೆ ಸೇರಿದ್ದರೂ ಅವುಗಳ ಉತ್ತರಗಳು ಬೇರೆ ಬೇರೆ ಕಡೆ ಇವೆ. ಎರಡು ಮೀಟರಿನದನ್ನು ನಾನು ಹೇಳುತ್ತೇನೆ. ನಲವತ್ತರ ಬಗ್ಗೆ ಬರೆಯಲು ಇಲ್ಲಿ ನನಗಿಂತ ತಿಳಿದವರಿದ್ದಾರೆ.

ರೇಡಿಯೊ ಅಲೆಯ ವಿದ್ಯುತ್ ಕ್ಷೇತ್ರ ಯಾವ ಸಮತಲದಲ್ಲಿ ತೂಗುತ್ತದೆಯೋ ಅದೇ ಅದರ ಧ್ರುವೀಕರಣ. ನೇರ ಕಡ್ಡಿಯ ಆಂಟೆನಾದಲ್ಲಿ ಕಡ್ಡಿ ಇರುವ ದಿಕ್ಕೇ ಆ ಕ್ಷೇತ್ರದ ದಿಕ್ಕು. ಎರಡು ಆಂಟೆನಾಗಳ ನಡುವೆ ಅಡೆತಡೆಯಿಲ್ಲದ ನೇರ ದಾರಿ ಇದ್ದಾಗ, ಒಂದರ ಕಡ್ಡಿ ಇನ್ನೊಂದಕ್ಕಿಂತ ಎಷ್ಟು ಓರೆಯಾಗಿದೆ ಎಂಬ ಕೋನದ ಕೊಸೈನಿನ ವರ್ಗದಷ್ಟು ಶಕ್ತಿ ಮಾತ್ರ ಸಿಗುತ್ತದೆ. ಹಾಗಾಗಿ 30 ಡಿಗ್ರಿ ಓರೆಯಾದರೆ ನಷ್ಟ ಒಂದೂಕಾಲು ಡೆಸಿಬೆಲ್ ಮಾತ್ರ, ಅದು ಕಿವಿಗೆ ಗೊತ್ತೇ ಆಗುವುದಿಲ್ಲ. 45 ಡಿಗ್ರಿಗೆ ಅರ್ಧ, ಅಂದರೆ 3 ಡೆಸಿಬೆಲ್. 60 ಡಿಗ್ರಿಗೆ ಕಾಲು ಭಾಗ ಉಳಿಯುತ್ತದೆ. ಆಮೇಲೆ ಇಳಿತ ಕಡಿದಾಗುತ್ತಾ ಹೋಗಿ 90 ಡಿಗ್ರಿಗೆ ಲೆಕ್ಕದ ಪ್ರಕಾರ ಸೊನ್ನೆಯಾಗಬೇಕು. ವಾಸ್ತವದಲ್ಲಿ 20 ಡೆಸಿಬೆಲ್ ಆಸುಪಾಸಿನಲ್ಲಿ ನಿಲ್ಲುವುದು ಸಾಮಾನ್ಯ. ಇಪ್ಪತ್ತು ಡೆಸಿಬೆಲ್ ಎಂದರೆ ನೂರರಲ್ಲೊಂದು ಪಾಲು: ನಿಮ್ಮ ಗೆಳೆಯರ 25 ವಾಟ್ ನಿಮ್ಮ ಪಾಲಿಗೆ ಕಾಲು ವಾಟ್ ಆಯಿತು. ಭರಮಸಾಗರದ ಬಯಲಿನಲ್ಲಿ ನೀವು ಕಂಡದ್ದು ಇದನ್ನೇ.

ಎಫ್‌ಎಂ ಬಳಸುವವರು, ರಿಪೀಟರುಗಳೂ (ಸಂಕೇತವನ್ನು ಪಡೆದು ಮರುಪ್ರಸಾರ ಮಾಡುವ ಕೇಂದ್ರಗಳು) ಸೇರಿ, ಲಂಬವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣ ಸರಳವಾಗಿದೆ. ಕಾರಿನ ಮೇಲಿನ ಕಡ್ಡಿ ನೆಟ್ಟಗೆ ನಿಲ್ಲುತ್ತದೆ, ಕೈಯಲ್ಲಿ ಹಿಡಿಯುವ ಸೆಟ್ಟಿನ ಆಂಟೆನಾ ನೆಟ್ಟಗಿರುತ್ತದೆ, ನೆಟ್ಟಗಿನ ಕಡ್ಡಿ ಸುತ್ತಲಿನ ಎಲ್ಲ ದಿಕ್ಕಿಗೂ ಸಮನಾಗಿ ಹರಡುತ್ತದೆ. ಆದ್ದರಿಂದ ಎಫ್‌ಎಂ ಮಾತುಕತೆಗೆ ನಿಮ್ಮ ಯಾಗಿಯನ್ನೂ ಲಂಬವಾಗಿ ಇಡುವುದೇ ಸರಿ.

ಹಾಗಾದರೆ ತಾರಸಿಯಲ್ಲಿ ಎಡವಿದ್ದು ಎಲ್ಲಿ? ಎರಡು ಕಡೆ ಎಂದು ನನ್ನ ಅನಿಸಿಕೆ. ನಿಮ್ಮ ಊರಿಗೂ ನಮ್ಮೂರಿಗೂ ನೇರ ಗೆರೆ ಎಳೆದರೆ ಸುಮಾರು 58 ಕಿಲೋಮೀಟರ್, ನಡುವೆ ನೀವೇ ಹೇಳಿದ ಬಂಡೆಗುಡ್ಡಗಳು. ನಿಮಗೆ ಬರುತ್ತಿರುವುದು ಗುಡ್ಡದ ನೆತ್ತಿಯ ಮೇಲಿಂದ ಬಾಗಿ, ಅಕ್ಕಪಕ್ಕದ ಬಂಡೆ, ನೀರಿನ ಟ್ಯಾಂಕು, ಕಟ್ಟಡಗಳಿಗೆ ಬಡಿದು ಚದುರಿದ ಅಲೆ. ಹೀಗೆ ಚದುರಿದ ಅಲೆ ತನ್ನ ಮೂಲ ಧ್ರುವೀಕರಣವನ್ನು ಶುದ್ಧವಾಗಿ ಉಳಿಸಿಕೊಳ್ಳುವುದಿಲ್ಲ; ಅಡ್ಡ ಮತ್ತು ನೆಟ್ಟಗಿನ ಆಂಟೆನಾಗಳ ನಡುವಿನ ಅಂತರ 20ರಿಂದ ಕೆಲವೇ ಡೆಸಿಬೆಲ್‌ಗೆ ಇಳಿದುಬಿಡುತ್ತದೆ. ಇದಕ್ಕೆ ಮದ್ದಿಲ್ಲ, ಎತ್ತರವೊಂದೇ ದಾರಿ.

ಎರಡನೆಯ ಕಾರಣ ನಿಮ್ಮ ಜಿಐ ಪೈಪು, ಮತ್ತು ದಿಕ್ಕು ಗೊತ್ತಾಗದಂತೆ ಆದದ್ದು ಅದರಿಂದಲೇ ಎಂದು ಬಹುಮಟ್ಟಿಗೆ ಖಚಿತವಾಗಿ ಹೇಳಬಲ್ಲೆ. ಯಾಗಿ ಮಲಗಿದ್ದಾಗ ಪೈಪು ಕಡ್ಡಿಗಳಿಗೆ ಲಂಬಕೋನದಲ್ಲಿರುತ್ತದೆ, ಆದ್ದರಿಂದ ತೊಂದರೆ ಕೊಡುವುದಿಲ್ಲ. ಯಾಗಿಯನ್ನು ನಿಲ್ಲಿಸಿದಿರೋ, ಅದೇ ಪೈಪು ಕಡ್ಡಿಗಳಿಗೆ ಸಮಾಂತರವಾಗಿ ಅವುಗಳ ನಡುವೆಯೇ ತೂರಿಕೊಂಡ, ಅಳತೆಯಿಲ್ಲದ ಆರನೆಯ ಕಡ್ಡಿಯಾಗುತ್ತದೆ. ನೇರ ಕೆಳಗಿಳಿಯುವ ಕೋಯಾಕ್ಸ್ ಕೇಬಲ್ ಏಳನೆಯದು! ಅಂಗಡಿಯಲ್ಲಿ ಫೈಬರ್ ಪೈಪು ಹುಡುಕುವ ಮೊದಲು ಒಂದು ಒಳ್ಳೆಯ ಬಿದಿರಿನ ಗಳ ತನ್ನಿ. ಜಿಐ ಪೈಪು ಯಾಗಿಯ ಕೆಳತುದಿಗಿಂತ ಒಂದು ಮೀಟರಾದರೂ ಕೆಳಗೇ ಮುಗಿಯಲಿ, ಅಲ್ಲಿಂದ ಮೇಲೆ ಬಿದಿರಿರಲಿ. ಕೇಬಲ್ಲನ್ನು ಬೂಮಿನ (ಕಡ್ಡಿಗಳನ್ನು ಹೊತ್ತ ನಡುಕೊಳವೆಯ) ಗುಂಟ ಹಿಂದಕ್ಕೆ, ರಿಫ್ಲೆಕ್ಟರ್ (ತೀರ ಹಿಂದಿನ ಕಡ್ಡಿ) ದಾಟುವವರೆಗೆ ಒಯ್ದು, ಆಮೇಲೆ ಇಳಿಬಿಡಿ. ಬಿದಿರು ಮಳೆಗೆ ನೆನೆದು ಎರಡು ವರ್ಷಕ್ಕೆ ಹಾಳಾಗುತ್ತದೆ ಎಂಬುದು ನಿಜ, ಆದರೆ ಪ್ರಯೋಗಕ್ಕೆ ಅದಕ್ಕಿಂತ ಅಗ್ಗದ್ದು ಬೇರೆ ಇಲ್ಲ.

ಇನ್ನೊಂದು ಮಾತು: ಎಫ್‌ಎಂ ಸೆಟ್ಟಿನ ಬಲಸೂಚಕ ಗೀಟುಗಳನ್ನು ನಂಬಬೇಡಿ. ಹಲವು ಸೆಟ್ಟುಗಳಲ್ಲಿ ಮೊದಲ ಗೀಟಿಗೂ ಕೊನೆಯ ಗೀಟಿಗೂ ಇರುವ ಅಂತರ ತೀರ ಕಡಿಮೆ. ದನಿಯ ಹಿಂದಿನ ಸರಸರ ಸದ್ದು ಎಷ್ಟಿದೆ ಎಂಬುದನ್ನು ಕಿವಿಯಿಂದಲೇ ಅಳೆಯಿರಿ.

ಅಡಿಕೆತೋಟ (ಹೊಳಲ್ಕೆರೆ):

ಎರೆನೆಲ ಸರ್ ಅವರ ಮಾತನ್ನು ಒಪ್ಪುತ್ತಲೇ ಒಂದು ತಿದ್ದುಪಡಿ ಕೊಡುತ್ತೇನೆ. ನಮ್ಮ ಮನೆಯ ಮೂರು ದಿಕ್ಕಿಗೂ ಅಡಿಕೆ ಮತ್ತು ತೆಂಗು. ಈ ಮರಗಳ ಕಾಂಡಗಳೆಲ್ಲ ನೆಟ್ಟಗೆ ನಿಂತ, ನೀರು ತುಂಬಿದ ಕಂಬಗಳು. ಎರಡು ಮೀಟರ್ ಅಲೆಗಳಲ್ಲಿ ಲಂಬ ಧ್ರುವೀಕರಣದವನ್ನು ಇವು ಹೆಚ್ಚು ಹೀರುತ್ತವೆ, ಅಡ್ಡ ಧ್ರುವೀಕರಣದವನ್ನು ಕಡಿಮೆ. ತೋಟದೊಳಗಿಂದ ಮಾತನಾಡುವವರು ಎರಡೂ ತುದಿಯಲ್ಲಿ ಅಡ್ಡ ಆಂಟೆನಾ ಇಡಲು ಒಪ್ಪಿಕೊಂಡರೆ ಲಾಭ ನಿಶ್ಚಿತ. ಎಪ್ಪತ್ತು ಸೆಂಟಿಮೀಟರ್ ಬ್ಯಾಂಡಿಗೆ ಹೋದರೆ ಆ ಅಂತರ ಬಹುಪಾಲು ಅಳಿದುಹೋಗುತ್ತದೆ, ಅಲ್ಲಿ ಎಲೆಗಳೇ ದೊಡ್ಡ ಶತ್ರು.

ಎಸ್‌ಎಸ್‌ಬಿ (ಕಿರಿದಾದ ಪಟ್ಟಿಯಲ್ಲಿ ದನಿ ಕಳಿಸುವ ವಿಧಾನ) ಮತ್ತು ಮೋರ್ಸ್‌ನಲ್ಲಿ ಕ್ಷೀಣ ಸಂಕೇತಗಳ ಬೆನ್ನುಹತ್ತುವವರು ಜಗತ್ತಿನೆಲ್ಲೆಡೆ ಎರಡು ಮೀಟರಿನಲ್ಲಿ ಅಡ್ಡ ಧ್ರುವೀಕರಣವನ್ನೇ ಬಳಸುತ್ತಾರೆ. ಆದ್ದರಿಂದ ದುರ್ಗದತಾರಸಿಯವರೇ, ನಿಮ್ಮ ಟಿ.ವಿ. ಮಾದರಿಯ ಯಾಗಿ ತಪ್ಪಲ್ಲ, ತಪ್ಪು ಜಾಗದಲ್ಲಿತ್ತು ಅಷ್ಟೆ. ಎರಡೂ ಬೇಕೆನಿಸಿದರೆ ಒಂದೇ ಬೂಮಿನ ಮೇಲೆ ಎರಡು ಜೊತೆ ಕಡ್ಡಿಗಳನ್ನು ಗುಣಿಸುವ ಚಿಹ್ನೆಯಂತೆ ಕಟ್ಟಿ ಕೇಬಲ್ ಬದಲಿಸಿಕೊಳ್ಳಬಹುದು. ಹಾಗೆ ಓರೆಯಾಗಿ ಕಟ್ಟಿದಾಗ ಕಂಬ ಯಾವ ಕಡ್ಡಿಗೂ ಸಮಾಂತರವಾಗುವುದಿಲ್ಲ; 45 ಡಿಗ್ರಿ ಓರೆಯ ಒಂದೇ ಜೊತೆಯಿಂದಲೂ ಅಡ್ಡ, ನೆಟ್ಟಗಿನ ಎರಡೂ ಪಂಗಡದವರನ್ನು 3 ಡೆಸಿಬೆಲ್ ನಷ್ಟದಲ್ಲಿ ಮುಟ್ಟಬಹುದು. ನನ್ನ ಮಟ್ಟಿಗೆ ಅದು ಕೊಟ್ಟು ಕೊಂಡ ವ್ಯವಹಾರ, ಶುದ್ಧತೆಯೇ ಬೇಕೆನ್ನುವವರು ಒಪ್ಪಲಿಕ್ಕಿಲ್ಲ.

ಉದ್ದತಂತಿ (ದಾವಣಗೆರೆ):

ನಲವತ್ತು ಮೀಟರ್ ಬಗ್ಗೆ. ಆ ಮಾರಾಟಗಾರರು ಹೇಳಿದ 20 ಡೆಸಿಬೆಲ್ ಮಾತು ಎರಡು ಮೀಟರಿನಿಂದ ಎತ್ತಿ ತಂದದ್ದು. ಅಯಾನುಗೋಳದ (ರೇಡಿಯೊ ಅಲೆಗಳನ್ನು ನೆಲದ ಕಡೆಗೆ ಮರಳಿಸುವ ಮೇಲಿನ ವಾತಾವರಣದ ಪದರದ) ಮೂಲಕ ಬರುವ ಸಂಕೇತಕ್ಕೆ ಅದು ಹೊಂದುವುದಿಲ್ಲ.

ಅಯಾನುಗೋಳವನ್ನು ಹೊಕ್ಕ ಅಲೆ ಭೂಮಿಯ ಕಾಂತಕ್ಷೇತ್ರದ ಪ್ರಭಾವದಿಂದ ಎರಡು ಅಲೆಗಳಾಗಿ ಒಡೆಯುತ್ತದೆ. ಅವುಗಳ ವೇಗ ಬೇರೆ, ಹೀರಿಕೆ ಬೇರೆ. ಅವು ಮತ್ತೆ ಕೂಡಿಕೊಂಡು ಕೆಳಗೆ ಬರುವಾಗ ಮೂಲ ಅಲೆಯ ಸಮತಲ ತಿರುಗಿರುತ್ತದೆ, ಮತ್ತು ಕ್ಷಣಕ್ಷಣಕ್ಕೂ ತಿರುಗುತ್ತಿರುತ್ತದೆ. ಸಂಜೆಯ ಹೊತ್ತು ಸಂಕೇತ ಏರಿಳಿಯುವುದರಲ್ಲಿ ಇದರದೂ ಒಂದು ಪಾಲಿದೆ. ನೀವು ನೆಟ್ಟಗೆ ಕಳಿಸಿದರೇನು, ಅಡ್ಡ ಕಳಿಸಿದರೇನು, ಎದುರಿನವರಿಗೆ ಸಿಗುವುದು ಯಾವುದೋ ಓರೆಯ ದೀರ್ಘವೃತ್ತ. ಆದ್ದರಿಂದ ಈ ಬ್ಯಾಂಡಿನಲ್ಲಿ ‘ಎದುರಿನವರ ಕಂಬ ಹೇಗಿದೆ’ ಎಂದು ಕೇಳುವುದನ್ನು ಬಿಟ್ಟು ಬೇರೆ ಮೂರನ್ನು ಕೇಳಿಕೊಳ್ಳಬೇಕು: ಅಲೆ ಯಾವ ಕೋನದಲ್ಲಿ ಮೇಲೇರಬೇಕು, ಕಾಲಡಿಯ ನೆಲ ಎಂಥದ್ದು, ಸುತ್ತಲ ಗದ್ದಲ ಎಷ್ಟು.

ಕೋನ ಮೊದಲು. 7.1 ಮೆಗಾಹರ್ಟ್ಸ್‌ನಲ್ಲಿ ತರಂಗಾಂತರ 42 ಮೀಟರ್. ನಿಮ್ಮ ಡೈಪೋಲ್ ಇರುವ 11 ಮೀಟರ್ ಎತ್ತರ ಅದರ ಕಾಲು ಭಾಗ. ಆ ಎತ್ತರದ ಡೈಪೋಲ್ ತನ್ನ ಶಕ್ತಿಯನ್ನು ಬಹುಪಾಲು ನೆತ್ತಿಯ ಕಡೆಗೆ ಕಳಿಸುತ್ತದೆ, ಅದು ಮೇಲಿಂದ ಛತ್ರಿಯಂತೆ ಇಳಿದು ಬೀದರಿನಿಂದ ಮೈಸೂರಿನವರೆಗೆ ಹರಡುತ್ತದೆ. ಹಗಲಿನ ರಾಜ್ಯದೊಳಗಿನ ಮಾತುಕತೆಗೆ ಇದಕ್ಕಿಂತ ಒಳ್ಳೆಯದನ್ನು ನಾನು ಕಂಡಿಲ್ಲ. ನೆಟ್ಟಗಿನ ಕಂಬ ಮಾಡುವುದು ಇದರ ತದ್ವಿರುದ್ಧ: ನೆತ್ತಿಯ ಕಡೆ ಅದಕ್ಕೆ ಕುರುಡು, ಶಕ್ತಿಯೆಲ್ಲ ದಿಗಂತದ ಹತ್ತಿರ. ದೂರ ದೇಶಗಳಿಗೆ ಅದು ಸರಿ, ಹುಬ್ಬಳ್ಳಿಯವರೊಡನೆ ಬೆಳಗಿನ ಹರಟೆಗೆ ಅಲ್ಲ.

ನೆಲದ ಮಾತಿಗೆ ಬರೋಣ. ಭದ್ರಾವತಿ ಆಕಾಶವಾಣಿಯ 675 ಕಿಲೋಹರ್ಟ್ಸ್ ಪ್ರಸಾರವನ್ನು ಹಗಲಿನಲ್ಲಿ 70 ಕಿಲೋಮೀಟರ್ ದೂರದ ನಮ್ಮೂರಿನಲ್ಲಿ ಕೇಳಿ ಬೆಳೆದವರು ನಾವು. ಅದು ನೆಲಕ್ಕೆ ಅಂಟಿಕೊಂಡು ಬರುವ ಅಲೆ. ಹಾಗೆ ಸಾಗಲು ವಿದ್ಯುತ್ ಕ್ಷೇತ್ರ ನೆಟ್ಟಗಿರಬೇಕು, ಅಡ್ಡಲಾಗಿದ್ದರೆ ನೆಲವೇ ಅದನ್ನು ನುಂಗಿಬಿಡುತ್ತದೆ. ಮಧ್ಯಮ ತರಂಗ ಕೇಂದ್ರಗಳು ಎತ್ತರದ ಕಂಬವನ್ನೇ ಆಂಟೆನಾ ಮಾಡಿಕೊಂಡು ಬುಡದಲ್ಲಿ ತಾಮ್ರದ ತಂತಿಗಳನ್ನು ಹೂಳುವುದು ಇದಕ್ಕಾಗಿಯೇ. ನೆಟ್ಟಗಿನ ಆಂಟೆನಾ ನೆಲವನ್ನು ತನ್ನ ಇನ್ನರ್ಧವಾಗಿ ಬಳಸುತ್ತದೆ, ನೆಲ ಕಳಪೆಯಾದರೆ ಶಕ್ತಿ ಮಣ್ಣನ್ನು ಬಿಸಿ ಮಾಡುವುದಕ್ಕೆ ಹೋಗುತ್ತದೆ. ನಮ್ಮಲ್ಲಿ ಭದ್ರಾ ನಾಲೆಯ ನೀರುಂಡ ಎರೆ ಮಣ್ಣಿನಲ್ಲಿ ಕಂಬ ನಿಲ್ಲಿಸಿದವರಿಗೂ, ನಿಮ್ಮ ದುರ್ಗದ ಒಣ ಕಣಶಿಲೆಯ ಮೇಲೆ ನಿಲ್ಲಿಸಿದವರಿಗೂ ಒಂದೇ ಫಲ ಸಿಗುವುದಿಲ್ಲ. ಬುಡದಲ್ಲಿ ಹದಿನಾರೋ ಮೂವತ್ತೆರಡೋ ರೇಡಿಯಲ್ (ಬುಡದಿಂದ ಸುತ್ತಲೂ ಹರಡುವ) ತಂತಿಗಳನ್ನು ಹಾಸಿದರೆ ಹತ್ತಿರದ ನಷ್ಟ ಕಡಿಮೆಯಾಗುತ್ತದೆ. ಆದರೆ ದಿಗಂತದ ಕಡೆಗೆ ಹೊರಟ ಅಲೆ ಹಲವು ತರಂಗಾಂತರ ದೂರದ ನೆಲದಿಂದ ಪ್ರತಿಫಲಿಸಿ ಕೂಡಿಕೊಳ್ಳಬೇಕು. ಆ ನೆಲ ಬರೀ ಬಂಡೆಯಾದರೆ ಅತಿ ತಗ್ಗಿನ ಕೋನಗಳ ಸಂಕೇತ ಕೊಯ್ದುಹೋಗುತ್ತದೆ, ಅದನ್ನು ನಿಮ್ಮ ತಂತಿಗಳು ಸರಿಪಡಿಸಲಾರವು. ಕಾರವಾರದ ಕಡಲಂಚಿನಲ್ಲಿ ಅದೇ ಕಂಬ ಅದ್ಭುತವಾಗಿ ಕೆಲಸ ಮಾಡುವುದು ಉಪ್ಪು ನೀರಿನ ಉಪಕಾರ.

ಗದ್ದಲದ ವಿಷಯ ಚಿಕ್ಕದು. ಬೀದಿಯ ಎಲ್‌ಇಡಿ ದೀಪ, ಸೌರ ಇನ್ವರ್ಟರ್, ಚಾರ್ಜರುಗಳ ಕಿರಿಕಿರಿಯಲ್ಲಿ ನೆಲದ ಗುಂಟ ಬಂದು ಮುಟ್ಟುವುದು, ಮೇಲೆ ಹೇಳಿದ ಕಾರಣಕ್ಕೇ, ಮುಖ್ಯವಾಗಿ ಲಂಬ ಧ್ರುವೀಕರಣದ ಭಾಗ. ಹಾಗಾಗಿ ಬಡಾವಣೆಯೊಳಗಿನ ನೆಟ್ಟಗಿನ ಆಂಟೆನಾ ಅದನ್ನು ಹೆಚ್ಚು ಕೇಳಿಸುತ್ತದೆ.

ಡೈಪೋಲ್ ಇರಲಿ. ದೂರ ದೇಶದ ಹಂಬಲ ಬಲಿತರೆ, ಅದನ್ನು ಇಳಿಸದೆ ಕಂಬವನ್ನೂ ಸೇರಿಸಿ.

ಎರೆನೆಲ (ದಾವಣಗೆರೆ):

ಉದ್ದತಂತಿಯವರ ‘ಯಾವುದೋ ಓರೆಯ ದೀರ್ಘವೃತ್ತ’ ಎಂಬ ಮಾತಿಗೆ ನಮ್ಮ ಅಕ್ಷಾಂಶದಲ್ಲಿ ಒಂದು ವಿನಾಯಿತಿ ಇದೆ, ಅದನ್ನು ಹೇಳದಿದ್ದರೆ ಚರ್ಚೆ ಅಪೂರ್ಣ. ಭೂಮಿಯ ಕಾಂತೀಯ ಸಮಭಾಜಕ ದಕ್ಷಿಣ ಭಾರತದ ತುದಿಯ ಸಮೀಪ ಹಾದುಹೋಗುತ್ತದೆ. 1963ರಲ್ಲಿ ಕೇರಳದ ತುಂಬಾ ಎಂಬ ಊರಿನಿಂದ ರಾಕೆಟ್ ಹಾರಿಸಲು ಆ ಜಾಗವನ್ನು ಆರಿಸಿದ್ದೂ ಅದಕ್ಕಾಗಿಯೇ. ಆ ಗೆರೆಯ ಮೇಲೆ ಕಾಂತಕ್ಷೇತ್ರ ನೆಲಕ್ಕೆ ಸಮಾಂತರವಾಗಿ ಉತ್ತರ–ದಕ್ಷಿಣಕ್ಕೆ ಮಲಗಿರುತ್ತದೆ. ನೆಟ್ಟಗೆ ಮೇಲೇರುವ ಅಲೆಯ ವಿದ್ಯುತ್ ಕ್ಷೇತ್ರವೂ ಉತ್ತರ–ದಕ್ಷಿಣಕ್ಕೇ ಇದ್ದರೆ ಅದು ಕಾಂತಕ್ಷೇತ್ರದ ಗೊಡವೆಯೇ ಇಲ್ಲದೆ ಒಂದೇ ಅಲೆಯಾಗಿ ಹೋಗಿ ಬರುತ್ತದೆ, ಹೀರಿಕೆಯೂ ಕಡಿಮೆ. ಪೂರ್ವ–ಪಶ್ಚಿಮಕ್ಕಿದ್ದರೆ ಹೆಚ್ಚು ಹೀರಿಕೆಯ ಇನ್ನೊಂದು ಅಲೆಯಾಗುತ್ತದೆ.

ನಾವು ಆ ಗೆರೆಗಿಂತ ಉತ್ತರಕ್ಕಿರುವುದರಿಂದ ಕ್ಷೇತ್ರ ಸ್ವಲ್ಪ ಇಳಿಜಾರಾಗಿದೆ, ಪರಿಣಾಮ ಪೂರ್ತಿಯಾಗಿ ಅಲ್ಲ, ಭಾಗಶಃ ಸಿಗುತ್ತದೆ. ಹಾಗಿದ್ದರೂ ತೆಂಗಿನ ಮರ ಯಾವ ಕಡೆಗಿದೆ ಎಂದು ಒಮ್ಮೆ ನೋಡಿ: ರಾಜ್ಯದೊಳಗಿನ ಮಾತುಕತೆಗೆ ತಂತಿಯನ್ನು ಉತ್ತರ–ದಕ್ಷಿಣವಾಗಿ ಎಳೆಯುವ ಅವಕಾಶವಿದ್ದರೆ ಹಾಗೆಯೇ ಎಳೆಯಿರಿ. ಹೆಚ್ಚು ಖರ್ಚಿಲ್ಲದೆ ದಕ್ಕುವ ಒಂದೆರಡು ಡೆಸಿಬೆಲ್ ಬಿಡಬಾರದು.

ದುರ್ಗದತಾರಸಿ (ಚಿತ್ರದುರ್ಗ):

ಮೂವರಿಗೂ ಕೃತಜ್ಞತೆಗಳು. ಮೂರು ವಾರ ಬಿಟ್ಟು ಬರೆಯುತ್ತಿದ್ದೇನೆ. ಸಂತೆಯಿಂದ ಹದಿನೈದು ಅಡಿಯ ಬಿದಿರು ತಂದು ಜಿಐ ಪೈಪಿನ ತುದಿಗೆ ಜೋಡಿಸಿ, ಕೇಬಲ್ಲನ್ನು ಹೇಳಿದಂತೆ ಹಿಂದಕ್ಕೆ ಒಯ್ದೆ. ಯಾಗಿಗೆ ಈಗ ಮುಂದು ಹಿಂದು ತಿಳಿಯುತ್ತಿದೆ. ಗೆಳೆಯರ ದನಿ ಅತಿ ಚೆನ್ನಾಗಿ ಕೇಳಿಸುವುದು ದಾವಣಗೆರೆಯ ನೇರ ದಿಕ್ಕಿನಲ್ಲಿ ಅಲ್ಲ, ಅದಕ್ಕಿಂತ ಸುಮಾರು 30 ಡಿಗ್ರಿ ಬಲಕ್ಕೆ, ಬೋಳು ಬಂಡೆಯೊಂದರ ಕಡೆಗೆ. ಅಲ್ಲಿ ಕಡ್ಡಿಗಳನ್ನು ಅಡ್ಡ ಮಾಡಿದರೂ ನೆಟ್ಟಗೆ ಮಾಡಿದರೂ ವ್ಯತ್ಯಾಸ ಸ್ವಲ್ಪವೇ. ಕೋಟೆಯ ಮೇಲಿನಿಂದ ಒಮ್ಮೆ ತಂತಿ ಕಟ್ಟಿ ನೋಡಬಹುದಲ್ಲ ಎಂದು ತಮ್ಮ ಸಲಹೆ ಕೊಟ್ಟ. ಅದು ಪುರಾತತ್ತ್ವ ಇಲಾಖೆಯ ರಕ್ಷಣೆಯಲ್ಲಿರುವ ಸ್ಮಾರಕ, ಅಲ್ಲಿ ಮೊಳೆಯೊಂದನ್ನೂ ಹೊಡೆಯುವಂತಿಲ್ಲ ಎಂದು ಬೈದು ಕೂರಿಸಿದೆ.

ತೆಂಗಿನ ಮರ ಪೂರ್ವಕ್ಕಿದೆ. ತಂತಿಯನ್ನು ತಿರುಗಿಸಬೇಕಾದರೆ ದಕ್ಷಿಣದ ಮನೆಯವರ ಒಪ್ಪಿಗೆ ಬೇಕು, ಕೇಳುವವನಿದ್ದೇನೆ. ಆ ಬದಿಯಲ್ಲಿ ವಿದ್ಯುತ್ ತಂತಿ ಹಾದುಹೋಗಿರುವುದರಿಂದ ಅಂತರ ಅಳೆದ ಮೇಲೆಯೇ ಮುಂದಿನ ಮಾತು. ಇನ್ನೊಂದು ಕುತೂಹಲ: ಉಪಗ್ರಹಗಳನ್ನು ಕೇಳಲು ಇದೇ ಯಾಗಿ ಸಾಕೇ, ವೃತ್ತೀಯ ಧ್ರುವೀಕರಣ (ವಿದ್ಯುತ್ ಕ್ಷೇತ್ರ ಸುತ್ತುತ್ತಾ ಸಾಗುವಂಥದ್ದು) ಬೇಕೇ?

ಅಡಿಕೆತೋಟ (ಹೊಳಲ್ಕೆರೆ):

ಕೇಳುವುದಕ್ಕೆ ಇದೇ ಸಾಕು. ಬಾಹ್ಯಾಕಾಶ ನಿಲ್ದಾಣದ 145.800 ಮೆಗಾಹರ್ಟ್ಸ್ ಸಂಕೇತ ಹಿಡಿಯಲು ಯಾಗಿಯನ್ನು ಕೈಯಲ್ಲಿ ಹಿಡಿದು ಅದರ ಹಾದಿಯನ್ನು ಹಿಂಬಾಲಿಸಿ. ದನಿ ಕುಗ್ಗಿದಾಗ ಮಣಿಕಟ್ಟನ್ನು ತಿರುಚಿ. ಮೇಲಿರುವ ಆಂಟೆನಾ ನಮಗೆ ಕಾಣುವ ಓರೆ ಬದಲಾಗುತ್ತಲೇ ಇರುತ್ತದೆ, ಜೊತೆಗೆ ಅಯಾನುಗೋಳವೂ ಸಮತಲವನ್ನು ತಿರುಗಿಸುತ್ತದೆ. ವೃತ್ತೀಯ ಆಂಟೆನಾ ಇದ್ದರೆ ತಿರುಚುವ ಕೆಲಸ ತಪ್ಪುತ್ತದೆ, ನೇರ ಕಡ್ಡಿಯ ಆಂಟೆನಾದ ಸಂಕೇತ ಯಾವ ಓರೆಯಲ್ಲಿ ಬಂದರೂ ನಷ್ಟ 3 ಡೆಸಿಬೆಲ್‌ನಲ್ಲೇ ನಿಲ್ಲುತ್ತದೆ. ಆದರೆ ಎರಡೂ ಕಡೆ ವೃತ್ತೀಯವಾಗಿದ್ದು ಒಂದು ಬಲಸುತ್ತು, ಇನ್ನೊಂದು ಎಡಸುತ್ತು ಆದರೆ ಮತ್ತೆ ಅದೇ 20 ಡೆಸಿಬೆಲ್ ಕಥೆ.

ಮನೆಯಲ್ಲಿ ಹಳೆಯ ಡಿಶ್ ಇದ್ದರೆ ಕ್ಯೂಒ-100 ಕೇಳಿ ನೋಡಿ. 2018ರ ನವೆಂಬರಿನಲ್ಲಿ ಹಾರಿದ ಈ ಉಪಗ್ರಹ ಸುಮಾರು 26 ಡಿಗ್ರಿ ಪೂರ್ವ ರೇಖಾಂಶದ ಮೇಲೆ ಸ್ಥಿರವಾಗಿ ನಿಂತಿದೆ; ನಿಮ್ಮ ತಾರಸಿಯಿಂದ ಅದು ಪಶ್ಚಿಮಕ್ಕೆ, ದಿಗಂತದಿಂದ ಸುಮಾರು 30 ಡಿಗ್ರಿ ಮೇಲೆ ಬರುತ್ತದೆ. ಬಂಡೆ ಅಡ್ಡ ಬಾರದಿರಲಿ. ಅದರ ಕಿರುಪಟ್ಟಿಯ ಇಳಿಸಂಕೇತ 10,489 ಮೆಗಾಹರ್ಟ್ಸ್ ಆಸುಪಾಸಿನಲ್ಲಿದ್ದು, ಧ್ರುವೀಕರಣ ಲಂಬ ಎಂದು ಪಟ್ಟಿಯಲ್ಲಿ ಬರೆದಿರುತ್ತದೆ. ಅದನ್ನು ನಂಬಿ ಎಲ್‌ಎನ್‌ಬಿಯನ್ನು (ಡಿಶ್‌ನ ಮುಂದೆ ಸಂಕೇತ ಹಿಡಿಯುವ ಭಾಗವನ್ನು) ನೆಟ್ಟಗೆ ಕೂರಿಸಿದರೆ ಬಹುಪಾಲು ಮೌನವೇ ಗತಿ. ಉಪಗ್ರಹದವರ ‘ಲಂಬ’ ಎಂದರೆ ಭೂಮಿಯ ಉತ್ತರ–ದಕ್ಷಿಣ. ಸಮಭಾಜಕದ ಹತ್ತಿರ ನಿಂತು ಪಶ್ಚಿಮಕ್ಕೆ ನೋಡುವ ನಮಗೆ ಉತ್ತರ–ದಕ್ಷಿಣ ಎಂಬುದು ಬಲ–ಎಡ, ಅಂದರೆ ಹೆಚ್ಚುಕಡಿಮೆ ಅಡ್ಡ! ಲೆಕ್ಕ ಹಾಕಿದರೆ ಚಿತ್ರದುರ್ಗದಲ್ಲಿ ಆ ತಿರುವು 70 ಡಿಗ್ರಿಗೂ ತುಸು ಹೆಚ್ಚಾಗುತ್ತದೆ. ಎಲ್‌ಎನ್‌ಬಿಯ ಹಿಡಿಕೆ ಸಡಿಲಿಸಿ ಮೊದಲು ಒಂದು ಬದಿಗೆ, ಆಮೇಲೆ ಇನ್ನೊಂದು ಬದಿಗೆ ಅಷ್ಟು ತಿರುಗಿಸಿ, ಉಪಗ್ರಹದ ಗುರುತುಸಂಕೇತ ಅತಿ ಜೋರಾಗುವಲ್ಲಿ ಸ್ಕ್ರೂ ಬಿಗಿಯಿರಿ.